ಗುರುವಾರದ ಎದೆ: ಕಂತು ೭ (ಮೂರನೆಯ ಹೆಸರು)

ಎರಡನೇ ಬೆರಳು ಮುರಿದಾಗಲೂ ಮಾಳಿಂಗಪ್ಪ ಕೂಗಲಿಲ್ಲ. ಬಾಯಿ ತೆರೆದರೆ ಹತ್ತಿಯ ಧೂಳು ಗಂಟಲಿಗೆ ಇಳಿಯುತ್ತಿತ್ತು.

"ಇನ್ನೂ ಎಂಟು ಅದಾವೆ," ಎಂದ ಮಾರಣ್ಣ. "ನನಗೇನು ಅವಸರ ಇಲ್ಲ. ಶಿಫ್ಟ್ ಬಿಡೋದು ಮೂರೂವರೆಗೆ."

ಶಂಭು ಮಿಲ್ಲಿನ ಬ್ಲೋ ರೂಮು. ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗಳನ್ನು ಒಡೆದು, ಬಡಿದು, ಕಸ ಉದುರಿಸಿ, ಹಾಸಿಗೆಯಂತೆ ಒತ್ತಿ ಸುತ್ತುವ ಜಾಗ. ಹೊರಗೆ ದಾವಣಗೆರೆಯಲ್ಲಿ ಮಧ್ಯಾಹ್ನದ ಒಂದು ಗಂಟೆಯ ಬಿಸಿಲು. ಒಳಗೆ ಬಿಳಿ ಕತ್ತಲು. ಎರಡು ಮಾರು ಆಚೆಗಿದ್ದವನ ಮುಖ ಕಾಣುತ್ತಿರಲಿಲ್ಲ.

ಮಾರಣ್ಣ ಅಲ್ಲಿನ ಜಾಬರ್, ಕೆಲಸಗಾರರ ಮೇಲಿನ ಮೇಸ್ತ್ರಿ. ಕೆಲಸಗಾರರನ್ನೆಲ್ಲ ಚಹಾಕ್ಕೆ ಅಟ್ಟಿದ್ದ. ಮುದುಕ ಸಣ್ಣಬೀರಪ್ಪ ಮಾತ್ರ ಉಳಿದಿದ್ದ. ಮೂಲೆಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೆಮ್ಮುತ್ತಿದ್ದ. ಎದ್ದು ಹೋಗುವಷ್ಟು ಉಸಿರು ಅವನಲ್ಲಿರಲಿಲ್ಲ. ಅಂಥವನನ್ನು ಮಾರಣ್ಣ ಮನುಷ್ಯರಲ್ಲಿ ಸೇರಿಸುತ್ತಿರಲಿಲ್ಲ.

"ಒಂದೇ ಮಾತು ಕೇಳೀನಿ," ಮಾರಣ್ಣ ಕುಕ್ಕರುಗಾಲಲ್ಲಿ ಕೂತು ಮುಖಕ್ಕೆ ಮುಖ ತಂದ. "ಆ ಮೇಷ್ಟ್ರ ಕಾಗದದಾಗೆ ಮೂರು ಹೆಸರಂತೆ. ಮೂರನೇದು ಯಾರದು?"

"ನಿಮ್ಮಪ್ಪಂದು."

ಕಪಾಳಕ್ಕೆ ಬಿದ್ದ ಏಟಿಗೆ ಮಾಳಿಂಗಪ್ಪನ ತಲೆ ಹಿಂದಿನ ಅಂಡಿಗೆಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ. ಮೇಷ್ಟ್ರ ಸಾವನ್ನು ವಿಚಾರಿಸುತ್ತ ಮಿಲ್ಲಿಗೆ ಬಂದ ಅವನನ್ನು ಹಿಡಿದು, ಎರಡೂ ಮುಂಗೈಗಳನ್ನು ಸೇರಿಸಿ ಅಂಡಿಗೆ ಬಿಗಿಯುವ ಕಬ್ಬಿಣದ ಪಟ್ಟಿಯಿಂದ ಕಟ್ಟಿದ್ದರು. ಕೊಸರಿದಷ್ಟೂ ಪಟ್ಟಿಯ ಎರಡು ಅಂಚುಗಳು ಚರ್ಮಕ್ಕೆ ಇಳಿಯುತ್ತಿದ್ದವು.

ಅವನು ತನ್ನ ಮುಂಗೈಯನ್ನು ನೋಡಿಕೊಂಡ. ಎರಡು ಸಣ್ಣ ಗೆರೆ. ನಡುವೆ ಒಂದು ಬೆರಳಿನ ಅಂತರ. ಬ್ಲೇಡಿನಿಂದ ಎಳೆದಷ್ಟು ನೇರ.

ಈ ಗೆರೆಗಳನ್ನು ಅವನು ಮೊದಲೇ ಕಂಡಿದ್ದ. ಹದಿನಾರು ದಿನಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಹರಿಹರದ ಸೇತುವೆಯ ಕೆಳಗೆ ಸಿಕ್ಕ ಕಾಲೇಜು ಮೇಷ್ಟ್ರು ಹಿದಾಯತ್‌ನ ಹೆಣವನ್ನು ನೀರಿನಿಂದ ಎತ್ತಲು ಕೈ ಕೊಟ್ಟಾಗ, ಅದರ ಮುಂಗೈ ಮೇಲೆ. ಪೊಲೀಸರು ಅದನ್ನು "ನದಿಯ ಬಂಡೆಗೆ ಉಜ್ಜಿದ ಗಾಯ" ಎಂದು ಬರೆದು ಫೈಲು ಮುಚ್ಚಿದ್ದರು. ಬಂಡೆ ಎಂದಾದರೂ ಅಷ್ಟು ನೇರವಾಗಿ ಗೆರೆ ಎಳೆಯುತ್ತದೆಯೇ ಎಂದು ಠಾಣೆಯಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಬಹುದಾಗಿದ್ದ ದಫೇದಾರ ಮಾಳಿಂಗಪ್ಪನನ್ನು ಎರಡು ವರ್ಷದ ಹಿಂದೆಯೇ ಮನೆಗೆ ಕಳಿಸಿದ್ದರು. ಮಿಲ್ ಗೇಟಿನಲ್ಲಿ ಕೂತ ಹೆಂಗಸರ ಮೇಲೆ ಲಾಠಿ ಎತ್ತಲಿಲ್ಲ ಎಂಬುದು ಅವನ ಅಪರಾಧ.

"ಹೇಳಿಬಿಡು ದಫೇದಾರ," ಮಾರಣ್ಣ ಮೂರನೇ ಬೆರಳನ್ನು ಹಿಡಿದ. "ಹೇಳಿದ್ರೆ ನಮ್ಮ ಡಾಕ್ಟ್ರೇ ಪಟ್ಟಿ ಕಟ್ಟಿ ಮನಿಗೆ ಕಳಸ್ತಾರೆ. ಅಷ್ಟು ಒಳ್ಳೆಯವ್ರು."

ಮಾಳಿಂಗಪ್ಪ ನೋವು ಮರೆತ. ಡಾಕ್ಟ್ರು. ಆ ಮಿಲ್ಲಿಗೆ ಇದ್ದ ಡಾಕ್ಟರು ಒಬ್ಬರೇ.

"ಕಿವಿ ತಾ. ಹೇಳ್ತೀನಿ," ಎಂದ.

ಮಾರಣ್ಣ ಬಾಗಿದ. ಅವನ ಕುತ್ತಿಗೆಗೆ ಸುತ್ತಿದ್ದ ಕೆಂಪು ಟವೆಲಿನ ತುದಿ ಮಾಳಿಂಗಪ್ಪನ ಎದೆಯ ಮೇಲೆ ತೂಗಾಡಿತು. ಭುಜದ ಪಕ್ಕದಲ್ಲೇ ಹತ್ತಿ ಒತ್ತುವ ಯಂತ್ರದ ರೋಲರುಗಳು ಉರುಳುತ್ತಿದ್ದವು. ಮಾಳಿಂಗಪ್ಪ ಕಟ್ಟಿದ ಕೈಗಳಲ್ಲೇ ತುದಿಯನ್ನು ಹಿಡಿದು ರೋಲರಿನ ಸಂದಿಗೆ ತುರುಕಿದ.

ಯಂತ್ರ ಟವೆಲು ತಿಂದಿತು. ಮಾರಣ್ಣನ ಮುಖ ಕಬ್ಬಿಣಕ್ಕೆ ಅಪ್ಪಳಿಸಿತು. ಕುತ್ತಿಗೆ ಬಿಡಿಸಿಕೊಳ್ಳಲು ಅವನು ಕೈ ಒಳಗೆ ಹಾಕಿದ. ಯಂತ್ರ ಅದನ್ನೂ ತೆಗೆದುಕೊಂಡಿತು. ಬೆರಳು, ಅಂಗೈ, ಮುಂಗೈ. ಬಿಳಿ ಹತ್ತಿಯ ಹಾಸು ಆಚೆಕಡೆಯಿಂದ ಕೆಂಪಗೆ ಹೊರಬಂತು.

ಮೂಲೆಯಲ್ಲಿದ್ದ ಸಣ್ಣಬೀರಪ್ಪ ಗೋಡೆ ಹಿಡಿದು ಎದ್ದ. ಯಂತ್ರ ನಿಲ್ಲಿಸಲು ಬೆಲ್ಟು ಜಾರಿಸುವ ಕೋಲಿನ ಮೇಲೆ ಕೈಯಿಟ್ಟ. ಜಾರಿಸಲಿಲ್ಲ. ಎರಡು ಉಸಿರಿನಷ್ಟು ಹೊತ್ತು ನಿಂತು ನೋಡಿದ. ಅವನ ಉಸಿರುಗಳು ಬಹಳ ಉದ್ದ ಇದ್ದವು. ಆಮೇಲೆ ಜಾರಿಸಿದ.

ಯಂತ್ರ ನಿಂತ ಮೇಲೆ ಮಾರಣ್ಣನ ಚೀರಾಟ ಕೇಳಿಸಿತು.

"ಇನ್ನೂ ಸ್ವಲ್ಪ ಬಿಡಬೇಕಿತ್ತು," ಎಂದ ಸಣ್ಣಬೀರಪ್ಪ, ಅಂಡಿಗೆ ಕತ್ತರಿಸುವ ಕತ್ತರಿಯಿಂದ ಪಟ್ಟಿ ತುಂಡು ಮಾಡುತ್ತ. "ಹೊಡೀಬ್ಯಾಡ ಅಂತ ಮೇಷ್ಟ್ರು ಕೇಳಿಕೊಂಡಾಗ ಇವನೇ ನಕ್ಕಿದ್ದು. ಇದೇ ಜಾಗ. ನಾನು ಇದೇ ಮೂಲ್ಯಾಗೆ ಕುಂತಿದ್ದೆ."

"ಪೊಲೀಸರಿಗೆ ಯಾಕ ಹೇಳಲಿಲ್ಲ ಕಾಕಾ?"

"ನೀನು ಪೊಲೀಸಿನ್ಯಾಗೆ ಇದ್ದವನು. ನೀನೇ ಹೇಳು ಯಾಕಂತ." ಮುದುಕ ಮತ್ತೆ ಕೂತುಬಿಟ್ಟ. ಎದೆಯೊಳಗಿನಿಂದ ತಿದಿಯ ಸದ್ದು ಬರುತ್ತಿತ್ತು. "ಹೋಗು ನೀನು. ನಂದು ಇವತ್ತು ಇಷ್ಟೇ. ಗುರುವಾರ."

"ಗುರುವಾರಾನೇ ಯಾಕ?"

"ಬುಧವಾರ ನಮ್ಮ ಮಿಲ್ಲಿಗೆ ರಜಾ ಅಲ್ಲೇನು. ಕರೆಂಟು ಸಾಲದು ಅಂತ ಒಂದೊಂದು ಮಿಲ್ಲಿಗೆ ಒಂದೊಂದು ವಾರ ಹಂಚ್ಯಾರೆ. ಬುಧವಾರ ಎದಿ ಒಳ್ಳೆ ಗಾಳಿ ಕುಡೀತೈತೆ. ಗುರುವಾರ ಇದರಾಗೆ ಕಾಲಿಟ್ಟ ಕೂಡ್ಲೆ ಮುನಿಸ್ಕೊಂತೈತೆ. ಶುಕ್ರವಾರ, ಶನಿವಾರ ಹೆಂಗೋ ರೂಢಿ ಆಗ್ತೈತೆ. ಸೋಮವಾರ ಬಂದು ನೋಡು, ನಿನ್ನ ಜೋಡಿ ಕುಸ್ತಿ ಬೇಕಾದ್ರೂ ಆಡ್ತೀನಿ."

ನಿನ್ನೆ ಗುತ್ತೂರಿನಲ್ಲಿ ಹೆಂಗಸೊಬ್ಬಳ ದಾರದ ಗಂಟುಗಳಲ್ಲಿ ಮಾಳಿಂಗಪ್ಪ ಕಂಡದ್ದು ಇಂದು ಮನುಷ್ಯನ ಉಸಿರಿನಲ್ಲಿ ಕೇಳಿಸಿತು.

*

ಹರಿಹರದ ಬಸ್ಸಿನಲ್ಲಿ ಮಾಳಿಂಗಪ್ಪ ಕೈಗೆ ಅಂಗವಸ್ತ್ರ ಸುತ್ತಿಕೊಂಡು ಕೂತ. ಪಕ್ಕದ ಹೆಂಗಸು ರಕ್ತ ನೋಡಿ ಸೆರಗು ಎಳೆದುಕೊಂಡು ಸರಿದಳು.

ಒಳಜೇಬಿನಲ್ಲಿ ಹಿದಾಯತ್‌ನ ತಂಗಿ ನಸೀಮಾ ಕೊಟ್ಟ ಕಾಗದಗಳಿದ್ದವು. ಕೊಂದವರು ಮೇಷ್ಟ್ರ ಕೋಣೆಯ ಹಾಳೆಗಳನ್ನೆಲ್ಲ ಸುಟ್ಟಿದ್ದರು. ಅವಳ ಟೈಪ್‌ರೈಟರಿನ ಡಬ್ಬಿಯೊಳಗೆ ಇದ್ದ ಪತ್ರಗಳಷ್ಟೇ ಉಳಿದಿದ್ದವು.

ಹಿದಾಯತ್ ಅಂಕಿಸಂಖ್ಯೆಯ ಮೇಷ್ಟ್ರು. ಬ್ಲೋ ರೂಮಿನ ಮೂವತ್ನಾಲ್ಕು ಜನರ ಎದೆ ಯಾವ ದಿನ ಹಿಡಿಯುತ್ತದೆ, ಯಾವ ದಿನ ಬಿಡುತ್ತದೆ ಎಂಬುದನ್ನು ಒಂದು ವರ್ಷ ಪಟ್ಟಿ ಮಾಡಿ ಬೊಂಬಾಯಿಯ ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದ. ಸಂಪಾದಕರು ಪ್ರತಿಯನ್ನು ವಾಪಸು ಕಳಿಸಿದರು. ಜೊತೆಗಿದ್ದ ಉತ್ತರ ಸಭ್ಯವಾಗಿತ್ತು. ಅಂಕಿಗಳು ಚೆನ್ನಾಗಿವೆ, ಆದರೆ ವೈದ್ಯನ ಹೆಸರಿಲ್ಲದ ಪ್ರಬಂಧವನ್ನು ನಾವು ಅಚ್ಚು ಹಾಕುವುದಿಲ್ಲ. ಸಹಲೇಖಕರಾಗಿ ಒಬ್ಬ ವೈದ್ಯರನ್ನು ಹುಡುಕಿಕೊಳ್ಳಿ.

ಕೂಲಿಯವನ ಕೆಮ್ಮು ಕೆಮ್ಮೇ ಎಂದು ಲೋಕ ಒಪ್ಪಬೇಕಾದರೆ ಅದರ ಕೆಳಗೆ ಡಾಕ್ಟರೊಬ್ಬರ ಸಹಿ ಬೇಕು. ಹಿದಾಯತ್ ಆ ಸಹಿ ಹುಡುಕಲು ಹೊರಟ. ಐದು ಡಾಕ್ಟರಿಗೆ ಪತ್ರ ಬರೆದ. ಒಬ್ಬರು ಉತ್ತರಿಸಲಿಲ್ಲ. ಒಬ್ಬರು ಮಿಲ್ ಮಾಲೀಕರ ಬೀಗರು. ಒಬ್ಬರು ಇದರಿಂದ ಪ್ರಾಕ್ಟೀಸು ಹಾಳಾಗುತ್ತದೆಂದು ನೇರವಾಗಿಯೇ ಬರೆದರು. ಇನ್ನೊಬ್ಬರು ಲೇಖನ ಓದುವ ಮೊದಲೇ ತಮ್ಮ ಹೆಸರು ಮೇಲಿರಬೇಕು ಎಂದರು. ಐದನೇ ಪತ್ರದ ಪ್ರತಿ ಮಾತ್ರ ಸಿಕ್ಕಿರಲಿಲ್ಲ. ಸಹಲೇಖಕನನ್ನು ಹುಡುಕಲು ಹೋದವನು ಐದನೇ ಬಾಗಿಲಲ್ಲಿ ಕೊಲೆಗಾರನನ್ನು ಕಂಡ.

ಮೂರನೆಯ ಹೆಸರು ಮಾತ್ರ ಹಿದಾಯತ್‌ನ ಜೊತೆಗೇ ನದಿಗೆ ಬಿತ್ತು ಎಂದು ಕೊಂದವರು ನಂಬಿರಲಿಲ್ಲ. ಅದಕ್ಕೇ ಬೆರಳು ಮುರಿಯುತ್ತಿದ್ದರು.

ಆ ಹೆಸರು ಗುತ್ತೂರಿನ ಕರಿಯವ್ವನದು. ಹನ್ನೆರಡು ವರ್ಷ ಬ್ಲೋ ರೂಮಿನ ಹತ್ತಿಕಸ ಆರಿಸಿದವಳು. ಓದಲು ಬಾರದು. ಮೂವತ್ನಾಲ್ಕು ಜನರಿಗೆ ಮೂವತ್ನಾಲ್ಕು ನೂಲಿನ ದಾರ ಇಟ್ಟಿದ್ದಳು. ಕೆಲಸದ ದಿನಕ್ಕೊಂದು ಗಂಟು. ರಜೆಯ ದಿನ ಖಾಲಿ ಜಾಗ. ಎದೆ ಹಿಡಿದ ದಿನದ ಗಂಟಿನಲ್ಲಿ ಒಂದು ಎಳೆ ಕೆಂಪು. ಪ್ರತಿ ಖಾಲಿ ಜಾಗದ ಮಗ್ಗುಲಲ್ಲೇ ಕೆಂಪು ಇತ್ತು. ಹಿದಾಯತ್ ಆ ಗಂಟುಗಳನ್ನು ನೋಡಿ ಅಂಕಿ ಬರೆದುಕೊಂಡಿದ್ದ. "ಎಣಿಸಿದವಳು ಅವಳು, ಬರೆದುಕೊಂಡವನು ನಾನು, ಹೆಸರು ಇಬ್ಬರದೂ ಇರುತ್ತದೆ" ಎಂದು ತಂಗಿಗೆ ಹೇಳಿ ಟೈಪು ಮಾಡಿಸಿದ್ದ.

ಹಾಳೆಗಳು ಬೂದಿಯಾದ ಮೇಲೆ ಉಳಿದ ಸಾಕ್ಷಿ ಆ ದಾರದ ಗಂಟು ಒಂದೇ. ಅದನ್ನು ಓದಬಲ್ಲವಳು ಕರಿಯವ್ವ ಒಬ್ಬಳೇ.

ನಿನ್ನೆ ಅವಳ ಅಂಗಳದಲ್ಲಿ ಕೂತು ಮಾಳಿಂಗಪ್ಪ ಎರಡು ಮಾತು ಹೇಳಿ ಬಂದಿದ್ದ. "ಈ ಗಂಟು ಮನ್ಯಾಗೆ ಬಿಟ್ಟು ಎಲ್ಲಿಗೂ ಹೋಗಬ್ಯಾಡವ್ವ, ಕಂಕುಳದಾಗೇ ಇರ್ಲಿ. ಮತ್ತೆ ಏನಾದ್ರೂ ಕಾಗದ ಬಂದ್ರೆ ತಡ ಮಾಡಬ್ಯಾಡ, ಓದಿಸ್ಕೊಂಡು ನನಗೆ ತಿಳಿಸು."

"ಆಗ್ಲಿ ಅಣ್ಣ," ಎಂದಿದ್ದಳು.

*

ಡಾಕ್ಟರ್ ಏಕಾಂತಪ್ಪ ವಾರಕ್ಕೆ ಎರಡು ದಿನ ಮಿಲ್ಲಿಗೆ ಹೋಗುತ್ತಿದ್ದರು. ಉಳಿದ ದಿನ ಹರಿಹರದ ತಮ್ಮ ದವಾಖಾನೆಯಲ್ಲಿ ಕೂಡುತ್ತಿದ್ದರು.

ಹೊರಗಿನ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನಕ್ಕೆ ರೋಗವೇ ಇರಲಿಲ್ಲ. ಒಬ್ಬನ ಕೈಯಲ್ಲಿ ತಂತಿ, ಇನ್ನೊಬ್ಬನ ಕೈಯಲ್ಲಿ ಕೋರ್ಟಿನ ನೋಟೀಸು. ಸುತ್ತಲ ಹಳ್ಳಿಗೆ ಇಂಗ್ಲಿಷಿನಲ್ಲಿ ಏನೇ ಬರಲಿ, ಜನ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಲ್ಲಿಗೇ ಬರುತ್ತಿದ್ದರು. ಡಾಕ್ಟರು ಬೇಸರಿಸದೆ ಓದಿ ಹೇಳುತ್ತಿದ್ದರು. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಜನ ಅದನ್ನು ಉಪಕಾರ ಎನ್ನುತ್ತಿದ್ದರು.

ಕಾಂಪೌಂಡರ್ ಹನುಮಂತಪ್ಪ ಅಡ್ಡ ಬಂದ. "ಸರದಿ ಐತೆ ದಫೇದಾರ್ರೆ, ಕೂಡ್ರಿ."

ಮಾಳಿಂಗಪ್ಪ ಬಟ್ಟೆ ಬಿಚ್ಚಿ ಕೈ ತೋರಿಸಿದ. ಹನುಮಂತಪ್ಪ ಪರದೆ ಎತ್ತಿದ.

ಡಾಕ್ಟರು ಬಿಳಿ ಅಂಗಿಯ ತೋಳು ಮಡಿಸಿಕೊಂಡು ಎದ್ದರು. ಐವತ್ತರ ಹತ್ತಿರದ ವಯಸ್ಸು, ಮೃದುವಾದ ಕೈ. ಮುರಿದ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಯಂತ್ರಕ್ಕೆ ಸಿಕ್ತೇನ್ರಿ?"

"ಯಂತ್ರಕ್ಕೆ ಸಿಕ್ಕಿದ್ದು ಮಾರಣ್ಣಂದು. ನಿಮ್ಮ ಹತ್ರಾನೇ ತರ್ತಾರೆ. ಬರೋವಾಗ ಒಂದು ತೋಳು ಕಡಿಮೆ ಇರ್ತೈತೆ."

ಡಾಕ್ಟರ ಮುಖದಲ್ಲಿ ಏನೂ ಅಲುಗಲಿಲ್ಲ. "ನೆಟ್ಟಗೆ ಮಾಡಬೇಕು. ಸ್ವಲ್ಪ ನೋವಾಗ್ತದೆ," ಎಂದು ಬೆರಳನ್ನು ಎಳೆದರು. ಎಳೆದು, ತಿರುಚಿದರು. ಮಾಳಿಂಗಪ್ಪನ ಕಣ್ಣಿಗೆ ಕತ್ತಲೆ ಕವಿಯಿತು.

"ಯಾಕ ಸುಮ್ಮನೆ ಮೈ ನೋಯಿಸ್ಕೊಂತೀರಿ?" ಧ್ವನಿ ಅಷ್ಟೇ ಮೃದು. "ಹಿದಾಯತ್ ನನ್ನ ಸ್ನೇಹಿತ. ನಾವಿಬ್ಬರೂ ಸೇರಿ ಬರೆದ ಪ್ರಬಂಧ ಅದು. ಸಾಯೋ ಹಿಂದಿನ ದಿನ ಇದೇ ಕುರ್ಚಿ ಮೇಲೆ ಕೂತು, ಕೊನೇ ಸಾಲಿನವರೆಗೆ ಓದಿ ಸಹಿ ಹಾಕಿ ಹೋದ. ನೋಡ್ರಿ ಬೇಕಾದ್ರೆ."

ಮೇಜಿನ ಮೇಲೆ ಟೈಪು ಮಾಡಿದ ಹಾಳೆಗಳ ಕಾರ್ಬನ್ ಪ್ರತಿ ಇತ್ತು. ಕೊನೆಯಲ್ಲಿ ಎರಡು ಸಹಿ. ಮಾಳಿಂಗಪ್ಪ ಎಡಗೈಯನ್ನು ಡಾಕ್ಟರ ಹಿಡಿತದಲ್ಲೇ ಬಿಟ್ಟು ಬಲಗೈಯಲ್ಲಿ ಹಾಳೆ ಮಗುಚಿದ. ಅವನಿಗೆ ಬರುತ್ತಿದ್ದ ಇಂಗ್ಲಿಷು ಅಲ್ಪ. ಆದರೆ ಹದಿನೆಂಟು ವರ್ಷ ಠಾಣೆಯ ಡ್ಯೂಟಿ ಪಟ್ಟಿ ನೋಡಿದವನು. ವಾರಗಳ ಹೆಸರು ಓದಬಲ್ಲ.

ಎರಡನೇ ಹಾಳೆಯಲ್ಲಿ 'ಮಂಡೇ' ಇತ್ತು. ಮೂರನೆಯದರಲ್ಲೂ ಇತ್ತು. ಹನ್ನೊಂದು ಕಡೆ ಇತ್ತು. ಗುರುವಾರ ಒಂದು ಕಡೆಯೂ ಇರಲಿಲ್ಲ.

"ಇದೇನ್ರಿ, ಸೋಮವಾರ?"

"ಪ್ರಶ್ನೆ ಅದು. ಸೋಮವಾರ ನಿನ್ನ ಎದೆ ಬಿಗಿಯುತ್ತದೆಯೇ ಅಂತ ಮೂವತ್ನಾಲ್ಕು ಜನಕ್ಕೂ ಕೇಳಿದೆ. ಮೂವತ್ನಾಲ್ಕು ಜನಾನೂ ಇಲ್ಲ ಅಂದರು. ಮಿಲ್ಲಿನ ಗಾಳಿಯಲ್ಲಿ ದೋಷ ಇಲ್ಲ. ಅದೇ ನಮ್ಮ ತೀರ್ಮಾನ."

"ಸೋಮವಾರಾನೇ ಯಾಕ ಕೇಳಿದ್ರಿ?"

"ಪುಸ್ತಕದಲ್ಲಿ ಹಾಗಿದೆ. ಲಂಡನ್ನಿನಲ್ಲಿ ಅಚ್ಚಾದದ್ದು. ನಿಮಗೆ ತಿಳಿಯೋ ವಿಷಯ ಅಲ್ಲ."

ಮಾಳಿಂಗಪ್ಪ ನಕ್ಕ. ಒಡೆದ ತುಟಿಯಿಂದ ರಕ್ತ ಹಾಳೆಯ ಮೇಲೆ ಹನಿಯಿತು.

"ಲಂಡನ್ನಿನ ಮಿಲ್ಲಿಗೆ ರಜಾ ಭಾನುವಾರ ಇರಬೇಕು ಡಾಕ್ಟ್ರೆ. ಅವರ ಎದಿ ಸೋಮವಾರ ಹಿಡೀತೈತೆ. ನಮ್ಮ ಶಂಭು ಮಿಲ್ಲಿನ ರಜಾ ಬುಧವಾರ. ಆ ಗೇಟಿನಾಗೆ ವಾರಕ್ಕೆ ಎರಡು ಸಲ ಹಾಯ್ತೀರಿ, ಸಾಹೇಬರ ಪುಸ್ತಕ ನೋಡಿ ಕಣ್ಣು ಮುಚ್ಚಿ ಬರದೀರಿ. ಸೋಮವಾರ ನಮ್ಮ ಜನ ಕುಸ್ತಿ ಆಡ್ತಾರೆ."

ಬೆರಳಿನ ಮೇಲಿದ್ದ ಹಿಡಿತ ಸಡಿಲಾಯಿತು.

"ಹಿದಾಯತ್ ಒಂದು ವರ್ಷ ಗುರುವಾರ ಗುರುವಾರ ಅಂತ ಬರಕೊಂಡವನು. ಇದನ್ನ ಕೊನೇ ಸಾಲಿನವರೆಗೆ ಓದಿ ಸಹಿ ಹಾಕಿದ ಅಂತೀರಿ. ಅವನ ಹೆಣ ಎತ್ತಿದವನು ನಾನು. ಬಲಗೈ ಮೂರು ಬೆರಳು ಮುರಿದು ಬಾತ್ಕೊಂಡಿದ್ವು. ಸತ್ತ ಮೇಲೆ ಮುರಿದ ಬೆರಳು ಬಾಯೋದಿಲ್ಲ. ಅವನು ಸಹಿ ಹಾಕಲಿಲ್ಲ. ಅದಕ್ಕೇ ಮುರಿಸಿದ್ರಿ. ಮುರಿದ ಮೇಲೂ ಹಾಕಲಿಲ್ಲ. ಆಮೇಲೆ ನೀವೇ ಹಾಕಿದ್ರಿ."

ಡಾಕ್ಟರು ಕುರ್ಚಿಗೆ ಒರಗಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಹತ್ತು ವರ್ಷ ಕೂಲಿಗಳ ಕೆಮ್ಮು ಕೇಳೀನಿ," ಎಂದರು. "ಊರಿಗೆ ಮೆಡಿಕಲ್ ಕಾಲೇಜು ಬರೋ ಸುದ್ದಿ ಇದೆ. ಬೊಂಬಾಯಿಯಲ್ಲಿ ಒಂದು ಪ್ರಬಂಧ ಅಚ್ಚಾದರೆ ಪ್ರೊಫೆಸರ್ ಕುರ್ಚಿ ನನ್ನದು. ಮಿಲ್ಲಿನವರ ಮಾತೂ ನನ್ನ ಕಡೆ. ಆ ಹುಡುಗ ತಾನಾಗೇ ಮನೆ ಬಾಗಿಲಿಗೆ ಬಂದ, ಡಾಕ್ಟ್ರೆ ನಿಮ್ಮ ಹೆಸರು ಕೊಡ್ರಿ ಅಂತ. ಕೊಟ್ಟೆ. ತೀರ್ಮಾನ ಸ್ವಲ್ಪ ಬದಲು ಮಾಡೋಣಪ್ಪ ಅಂದೆ. ಹಟ ಹಿಡಿದ."

ಮಾಳಿಂಗಪ್ಪ ಎದ್ದದ್ದು ಅವರಿಗೆ ಕಾಣಲಿಲ್ಲ. ಬಲಗೈಯಲ್ಲಿ ಕತ್ತಿನ ಪಟ್ಟಿ ಹಿಡಿದು ಅವರ ಮುಖವನ್ನು ಮೇಜಿಗೆ ಅಪ್ಪಳಿಸಿದ. ಕನ್ನಡಕ ನುಚ್ಚಾಯಿತು. ಇನ್ನೊಮ್ಮೆ ಅಪ್ಪಳಿಸಿದ. ಔಷಧದ ಸೀಸೆ ಉರುಳಿ ಕೋಣೆಯಲ್ಲೆಲ್ಲ ಟಿಂಚರಿನ ವಾಸನೆ ಎದ್ದಿತು.

"ಠಾಣೆಗೆ ನಡೀರಿ."

"ಯಾವ ಠಾಣೆಗೆ?" ಡಾಕ್ಟರು ಮೂಗಿನ ರಕ್ತದ ನಡುವೆಯೇ ನಕ್ಕರು. "ಅಲ್ಲಿಗೆ ಹೋಗಿ ಏನು ತೋರಿಸ್ತೀರಿ? ಸಾಹೇಬ್ರೆ, ಡಾಕ್ಟ್ರು ವಾರ ತಪ್ಪು ಬರದಾರೆ ಅಂತೀರಾ? ಅವನ ಅಂಕಿ ಎಲ್ಲಾ ಸುಟ್ಟಾಯ್ತು."

ಅದು ನಿಜವಾಗಿತ್ತು. ಮಾಳಿಂಗಪ್ಪ ಕತ್ತಿನ ಪಟ್ಟಿ ಹಿಡಿದೇ ನಿಂತ.

ಡಾಕ್ಟರು ಮೇಜಿನ ಮೇಲಿದ್ದ ಒಂದು ಪೋಸ್ಟ್‌ಕಾರ್ಡನ್ನು ಬೆರಳ ತುದಿಯಿಂದ ಸರಿಸಿದರು. "ಇವತ್ತು ಬೆಳಿಗ್ಗೆ ಬಂತು. ಬೊಂಬಾಯಿಯಿಂದ. ಪ್ರಬಂಧ ಒಪ್ಪಿದಾರೆ. ಆದರೆ ಹಿದಾಯತ್ ಮೊದಲು ಕಳಿಸಿದ ಪ್ರತಿಯಲ್ಲಿ ಅವನ ಜೊತೆ ಇನ್ನೊಂದು ಹೆಸರಿತ್ತಂತೆ, ನನ್ನದು ಸೇರಿದರೆ ಮೂರು. ಮೂರನೆಯವನ ಒಪ್ಪಿಗೆ ಬಾರದೆ ಅಚ್ಚು ಹಾಕೋದಿಲ್ಲವಂತೆ. ಕಾರ್ಡಿನಲ್ಲಿ ಹೆಸರಿಲ್ಲ. ಮೇಷ್ಟ್ರೂ ನನಗೆ ಹೇಳಿರಲಿಲ್ಲ. ನೀವು ಸಹಿ ಹಾಕ್ರಿ, ಆಮೇಲೆ ಹೇಳ್ತೀನಿ ಅಂದಿದ್ದ. ಯಾರೋ ಕಾಲೇಜಿನವನೇ ಇರಬೇಕು. ಸಿಕ್ಕರೆ ಒಪ್ಪಿಗೆ ಬರೆಸ್ಕೊಂತೀನಿ. ಆಮೇಲೆ ಅವನ ಪಾಡು ಮಾರಣ್ಣಗೆ ಬಿಟ್ಟಿದ್ದು."

"ಸಿಗೋದಿಲ್ಲ."

"ಸಿಗ್ತಾನೆ. ಬೊಂಬಾಯಿಯವರ ಪದ್ಧತಿ ಗೊತ್ತೇನ್ರಿ? ಲೇಖಕರು ಮೂವರಿದ್ದರೆ ಮೂವರಿಗೂ ಬೇರೆ ಬೇರೆ ಕಾರ್ಡ್ ಹಾಕ್ತಾರೆ. ಅವರವರ ವಿಳಾಸಕ್ಕೆ."

ಮಾಳಿಂಗಪ್ಪನ ಕೈ ತಾನಾಗಿ ಸಡಿಲವಾಯಿತು. ಗುತ್ತೂರಿಗೆ ಟಪಾಲು ಮಧ್ಯಾಹ್ನ ಹೋಗುತ್ತದೆ. ಗೋಡೆಯ ಗಡಿಯಾರ ನೋಡಿದ. ಎರಡೂವರೆ. ಗುತ್ತೂರಿನಲ್ಲಿ ಇಂಗ್ಲಿಷ್ ಓದುವವರು ಯಾರಿದ್ದಾರೆ ಎಂದು ಯೋಚಿಸಿದ. ಹೊರಗಿನ ಬೆಂಚು ನೆನಪಾಯಿತು.

ಅವನು ಬಾಗಿಲ ಕಡೆ ತಿರುಗುವುದಕ್ಕೂ ಪರದೆ ಸರಿಯುವುದಕ್ಕೂ ಸರಿಹೋಯಿತು. ಹನುಮಂತಪ್ಪ ಒಳಗಿನ ರಕ್ತ ನೋಡಿ ಬೆಚ್ಚಿ ನಿಂತ. ಆದರೂ ಹೇಳಲು ಬಂದದ್ದು ಬಾಯಿಂದ ಜಾರಿತು.

"ಗುತ್ತೂರಿನ ಹೆಣ್ಮಗಳು ಬಂದಾಳ್ರಿ. ಇಂಗ್ಲಿಷ್ ಕಾರ್ಡ್ ಬಂದೈತಂತೆ. ಓದಿಸ್ಕೊಂಡು ಹೋಗ್ಬೇಕಂತೆ."

ಅವನ ಹಿಂದೆಯೇ ಕರಿಯವ್ವ ತಲೆ ಬಗ್ಗಿಸಿ ಒಳಗೆ ಬಂದಳು. ಕಂಕುಳಲ್ಲಿ ಹಳೆಯ ಸೀರೆಯ ಗಂಟು. ಅದರ ಬಾಯಿಂದ ಕೆಂಪು ಎಳೆಯ ದಾರವೊಂದು ಇಣುಕುತ್ತಿತ್ತು. ಮಾಳಿಂಗಪ್ಪನನ್ನು ಕಂಡು ಅವಳ ಮುಖ ಅರಳಿತು.

"ನೀನೂ ಇಲ್ಲೇ ಅದೀಯೇನಣ್ಣ? ಕೈಗೇನಾತು?" ಎಂದಳು. "ನೀನೇ ಹೇಳಿದ್ದಲ್ಲ, ಕಾಗದ ಬಂದ್ರೆ ತಡ ಮಾಡಬ್ಯಾಡ ಅಂತ. ಉಣ್ಣೋ ಗಂಗಾಳ ಬಿಟ್ಟು ಎದ್ದು ಬಂದೆ."

ಕೊಡಬೇಡ ಎಂದರೆ ಹೆಸರು ಹೇಳಿದಂತೆ. ಸುಮ್ಮನಿದ್ದರೂ ಹೇಳಿದಂತೆ. ಆ ಒಂದು ಕ್ಷಣ ಸಾಕಾಯಿತು. ಅವಳು ಆಗಲೇ ಕಾರ್ಡನ್ನು ಎರಡೂ ಕೈಯಲ್ಲಿ ಡಾಕ್ಟರ ಮುಂದೆ ಹಿಡಿದಿದ್ದಳು.

ಏಕಾಂತಪ್ಪ ಕಾರ್ಡನ್ನು ತಮ್ಮ ಕಾರ್ಡಿನ ಪಕ್ಕದಲ್ಲಿಟ್ಟರು. ಒಂದೇ ಮುದ್ರೆ, ಒಂದೇ ಶಾಯಿ. ಕಣ್ಣ ಹತ್ತಿರ ಹಿಡಿದು ವಿಳಾಸ ಓದಿದರು. ಹೆಂಗಸಿನ ಮುಖ ನೋಡಿದರು. ಅವಳ ಒರಟು ಕೈ ನೋಡಿದರು. ಆಮೇಲೆ ಕಂಕುಳಿನ ಗಂಟಿನ ಮೇಲೆ ಕಣ್ಣು ನಿಲ್ಲಿಸಿದರು.

"ಹನುಮಂತಪ್ಪ," ಎಂದರು, ಮೂಗಿನ ರಕ್ತ ಒರೆಸಿಕೊಳ್ಳುತ್ತ. "ಬೆಂಚಿನ ಮೇಲಿನವರಿಗೆ ನಾಳೆ ಬರ್ರಿ ಅಂತ ಹೇಳು. ಮಿಲ್ಲಿನ ಜೀಪು ಬರಬೇಕು, ಮಾರಣ್ಣನ್ನ ಕರಕೊಂಡು. ಅವರಷ್ಟು ಜನಾನೂ ಒಳಗೆ ಬಿಡು. ಆಮೇಲೆ ಬಾಗಿಲು ಹಾಕು."

ಬೀದಿಯಲ್ಲಿ ಜೀಪು ನಿಂತ ಸದ್ದು ಕೇಳಿಸಿತು. ಮಾಳಿಂಗಪ್ಪ ಕರಿಯವ್ವನ ಮುಂದೆ ಬಂದು ನಿಂತ. ಎಂಟು ಬೆರಳುಗಳನ್ನು ಮುಷ್ಟಿ ಮಾಡಿದ.

ಅವನ ಬೆನ್ನ ಹಿಂದಿನಿಂದ ಕರಿಯವ್ವ ಕೇಳಿದಳು:

"ಏನಂತ ಬರದೈತ್ರಿ ಯಪ್ಪ ಅದರಾಗೆ?"